ಸರಾಸರಿ ಒಂದೇ ಸಾಲದೆ?

ಪ್ರಶ್ನೆ: ತೊಗರಿ ಬೆಳೆಗಾರರ ಹಿಡುವಳಿ ಕುರಿತು ಕಿರು ಸಂಶೋಧನೆ ಮಾಡುತ್ತಿದ್ದೇನೆ. ಮಾಹಿತಿಯನ್ನು ಗಂಜಿನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಮಾಲು ತಂದ ರೈತರಿಂದಲೇ ಪಡೆದಿದ್ದೇನೆ. ಸರಾಸರಿಯೊಂದಿಗೆ ಮಧ್ಯಾಂಕವನ್ನೂ ಕೊಡಿ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಏಕೆ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಐದು ಕುಟುಂಬಗಳಿಗೆ 2, 3, 3, 4 ಮತ್ತು 48 ಎಕರೆ ಜಮೀನಿದೆ ಎಂದುಕೊಳ್ಳಿ. ಒಟ್ಟು 60 ಎಕರೆಯನ್ನು ಐದರಿಂದ ಭಾಗಿಸಿದರೆ ಸರಾಸರಿ 12 ಬರುತ್ತದೆ. ಆದರೆ 12 ಎಕರೆಯ ಆಸುಪಾಸಿನಲ್ಲಿರುವ ಕುಟುಂಬ ಅಲ್ಲಿ ಒಂದೂ ಇಲ್ಲ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ 3 ಎಂಬುದೇ ಮಧ್ಯಾಂಕ. ದೊಡ್ಡ ಹಿಡುವಳಿ 48ರ ಬದಲು 480 ಎಕರೆಯಾದರೂ ಅದು ಕದಲುವುದಿಲ್ಲ. ಆದ್ದರಿಂದ ಜಮೀನು, ಆದಾಯ, ಸಾಲದಂತಹ ವಿಷಯಗಳಲ್ಲಿ ನಾನು ಮೊದಲು ನೋಡುವುದು ಮಧ್ಯಾಂಕವನ್ನೇ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಗಂಜಿನವರೆಗೆ ಬಾಡಿಗೆ ತೆತ್ತು ಚೀಲ ತರಲಾಗದೆ ಊರಿನ ವ್ಯಾಪಾರಿಗೇ ತೊಗರಿ ಕೊಟ್ಟ ಸಣ್ಣ ರೈತರು ನಿಮ್ಮ ಮಾದರಿಯೊಳಗೆ, ಅಂದರೆ ನೀವು ಮಾಹಿತಿ ಪಡೆದವರ ಗುಂಪಿನೊಳಗೆ, ಬಂದೇ ಇಲ್ಲ. ಅಲ್ಲಿಯೇ ನಿಂತು ನೂರರ ಬದಲು ಸಾವಿರ ಜನರನ್ನು ಕೇಳಿದರೂ ಈ ಪಕ್ಷಪಾತ ನೀಗುವುದಿಲ್ಲ. ಹಳ್ಳಿಗಳ ಬೆಳೆಗಾರರ ಪಟ್ಟಿ ಪಡೆದು, ಚೀಟಿ ಎತ್ತಿಯಾದರೂ ಹೆಸರುಗಳನ್ನು ಆರಿಸಿಕೊಳ್ಳಿ. ಅದನ್ನೇ ಯಾದೃಚ್ಛಿಕ ಮಾದರಿ ಎನ್ನುತ್ತಾರೆ.