ಟಾಕಿಗೆ ಯಾವ ಮಷೀನು ನಂಬೋದು?

ಪ್ರಶ್ನೆ: ಮೂಕಿ ಹೋಗಿ ಟಾಕಿ ಬಂದಾಗ ಅಮೆರಿಕದ ಥಿಯೇಟರ್ ಮಾಲೀಕರು ಅವಸರದಲ್ಲಿ ಸೌಂಡ್ ಮಷೀನು ಹಾಕಿಸಿದರಂತೆ. ತಟ್ಟೆಯದ್ದು ಒಂದು, ಫಿಲ್ಮಿನದ್ದು ಇನ್ನೊಂದು. ಯಾವುದು ಕೈಕೊಡುವುದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗುತ್ತಿತ್ತು?
– ಓದುಗರು, ಚಿತ್ರದುರ್ಗ

ಉತ್ತರ: ಎಷ್ಟೋ ಜನರಿಗೆ ಗೊತ್ತಾಗುತ್ತಲೇ ಇರಲಿಲ್ಲ. 1927ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಾತು, ಹಾಡು ಕೇಳಿಸುವ ‘ದಿ ಜಾಝ್ ಸಿಂಗರ್’ ಚಿತ್ರ ತೆರೆಕಂಡು ಜನ ಮುಗಿಬಿದ್ದ ಮೇಲೆ, ಕೂತು ಯೋಚಿಸುವ ಪುರುಸೊತ್ತು ಯಾರಿಗಿತ್ತು? ಸೌಂಡ್ ಮಷೀನು ಮಾಡುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಅದನ್ನು ಮಾರುತ್ತಿರಲಿಲ್ಲ, ಲೀಸಿಗೆ ಕೊಡುತ್ತಿತ್ತು. ಅದರ ಮೇಲೆ ವಾರ ವಾರ ಸರ್ವಿಸ್ ಚಾರ್ಜು ಬೇರೆ. ಇದು ದುಬಾರಿ ಆಯಿತು ಅಂತ ಅಗ್ಗದ ಮಷೀನು ಮಾಡುವವರು ಸುಮಾರು ಜನ ಹುಟ್ಟಿಕೊಂಡರು.

ಮೊದಲು ತಟ್ಟೆಯ ವಿಷಯ. ಚಿತ್ರ ಫಿಲ್ಮಿನಲ್ಲಿ, ಮಾತು ಗ್ರಾಮಫೋನ್ ತಟ್ಟೆಯಲ್ಲಿ, ಎರಡೂ ಒಟ್ಟಿಗೆ ಓಡಬೇಕು; ಈ ಪದ್ಧತಿಯ ಹೆಸರು ವಿಟಾಫೋನ್. ಅದರ ತಟ್ಟೆ 16 ಇಂಚು ಅಗಲ. ನಿಮಿಷಕ್ಕೆ 33 ಚಿಲ್ಲರೆ ಸುತ್ತು. ಒಂದು ತಟ್ಟೆ ಸುಮಾರು 11 ನಿಮಿಷ, ಅಂದರೆ 1000 ಅಡಿಯ ಒಂದು ರೀಲಿಗೆ ಸರಿಹೊಂದುವಷ್ಟು. ಮುಳ್ಳು ಒಳಗಿನಿಂದ ಹೊರಕ್ಕೆ ಓಡುತ್ತಿತ್ತು. ಸುಮಾರು 20 ಸಲ ಬಾರಿಸಿದ ಮೇಲೆ ತಟ್ಟೆ ಬದಲಾಯಿಸಬೇಕು, ಅದನ್ನು ಗುರುತು ಹಾಕಿಕೊಳ್ಳೋಕೆ ಲೇಬಲ್ ಮೇಲೇ ಚೌಕದ ಮನೆಗಳಿರುತ್ತಿದ್ದವು. ಕೇಳೋಕೆ ಚೆನ್ನಾಗೇ ಇತ್ತು. ಆದರೆ ಫಿಲ್ಮ್ ಹರಿದರೆ ಮುಗೀತು. ಎರಡು ಫ್ರೇಮು ಕತ್ತರಿಸಿ ಅಂಟಿಸಿದರೂ ಆ ರೀಲು ಮುಗಿಯುವವರೆಗೆ ತುಟಿಗೂ ಮಾತಿಗೂ ತಾಳೆ ಇಲ್ಲ. ಕತ್ತರಿಸಿದಷ್ಟೇ ಫ್ರೇಮು ಕಪ್ಪು ಫಿಲ್ಮ್ ಸೇರಿಸಬೇಕು, ಲೆಕ್ಕ ತಪ್ಪಬಾರದು. ಮಾತು ಫಿಲ್ಮಿನ ಅಂಚಿನಲ್ಲೇ ಇದ್ದರೆ ಅಂಟು ಹಾಕಿದ ಕಡೆ ‘ಟಪ್’ ಅನ್ನುತ್ತದೆ, ಅಷ್ಟೇ. ಮುಂದೆ ತಟ್ಟೆ ಮೂಲೆಗೆ ಹೋಗಿ ಫಿಲ್ಮಿನದ್ದು ಉಳಿಯಿತು. ನಾನಾಗಿದ್ದರೂ ಅದಕ್ಕೇ ದುಡ್ಡು ಹಾಕುತ್ತಿದ್ದೆ.

ಅದೂ ತಂಟೆ ಇಲ್ಲದ್ದೇನಲ್ಲ. ನನ್ನ ಕಸುಬು ಪ್ರೊಜೆಕ್ಟರ್ ರಿಪೇರಿ. ಹಳೇ ಮಷೀನು ಸಿಕ್ಕರೆ ನಾನು ಹಾರ್ನು, ಆಂಪ್ಲಿಫೈಯರು ಯಾವ ಕಂಪನಿಯದ್ದು ಅಂತ ಆಮೇಲೆ ನೋಡುತ್ತೇನೆ. ಮೊದಲು ಮೋಟಾರು, ಆಮೇಲೆ ಫ್ಲೈವೀಲು, ಅಂದರೆ ಓಟವನ್ನು ಒಂದೇ ಸಮ ಇಡುವ ಭಾರದ ಚಕ್ರ. ಯಾಕಂದರೆ ಮೂಕಿಯಲ್ಲಿ ಆಪರೇಟರ್ ತನ್ನಿಷ್ಟದ ಸ್ಪೀಡಿಗೆ ಓಡಿಸಬಹುದಿತ್ತು. ಟಾಕಿಗೆ ನಿಮಿಷಕ್ಕೆ 90 ಅಡಿ, ಸೆಕೆಂಡಿಗೆ 24 ಫ್ರೇಮು. ಕಣ್ಣು ಸ್ವಲ್ಪ ಹೆಚ್ಚುಕಮ್ಮಿ ಸಹಿಸುತ್ತದೆ. ಕಿವಿ ಸಹಿಸುವುದಿಲ್ಲ, ಸ್ವರ ತೇಲಾಡಿದರೆ ತಕ್ಷಣ ಹಿಡಿಯುತ್ತದೆ. ಅಗ್ಗದ ಮಷೀನಿನವರು ಉಳಿತಾಯ ಮಾಡುತ್ತಿದ್ದುದೇ ಇಲ್ಲಿ.

ಎರಡನೆಯದು ಗುಂಯ್‌ಗುಟ್ಟುವುದು. ಫಿಲ್ಮಿನ ಅಂಚಿನ ಸದ್ದಿನ ಪಟ್ಟಿಯ ಮೇಲೆ ಬೆಳಕಿನ ಗೆರೆ ಬಿಟ್ಟು, ಅದರ ಏರಿಳಿತವನ್ನೇ ಸದ್ದು ಮಾಡುತ್ತಾರೆ. ಆ ಬೆಳಕು ಕೊಡುವ ಎಕ್ಸೈಟರ್ ಲ್ಯಾಂಪಿಗೆ ಮನೆಯ ಎ.ಸಿ. ಕರೆಂಟು ನೇರ ಕೊಟ್ಟರೆ ಬೆಳಕು ನಡುಗುತ್ತದೆ, ಅದೇ ಹಾಲಿನಲ್ಲಿ ಗುಂಯ್ ಅಂತ ಕೇಳುತ್ತದೆ. ಅದಕ್ಕೇ ಬ್ಯಾಟರಿ ಇಡುತ್ತಿದ್ದರು. ಬೆಳಕಿನ ಗೆರೆ ಸ್ವಲ್ಪ ಜರುಗಿ ಫಿಲ್ಮಿನ ತೂತುಗಳ ಮೇಲೆ ಬಿದ್ದರೆ ಇನ್ನೊಂದು ತರದ ಗುಂಯ್. ಒಂದು ಫ್ರೇಮಿಗೆ ನಾಲ್ಕು ತೂತು, ಸೆಕೆಂಡಿಗೆ 96. ಅದೇ ಬೆಳಕು ಆ ಕಡೆ ಜರುಗಿ ಚಿತ್ರದ ಮೇಲೆ ಬಿದ್ದರೆ ಸೆಕೆಂಡಿಗೆ 24 ಸಲ ‘ಡಬಡಬ’, ದೋಣಿಯ ಇಂಜಿನ್ನಿನ ಹಾಗೆ. ಸದ್ದು ಕೇಳಿಯೇ ತೊಂದರೆ ಎಲ್ಲಿದೆ ಅಂತ ಹೇಳಬಹುದು. ಈ ಕೆಲಸದಲ್ಲಿ ನನಗೆ ಖುಷಿ ಕೊಡುವುದೇ ಇದು.

ಮೂರನೆಯದನ್ನು ಮಾಲೀಕರು ಮರೆಯುತ್ತಿದ್ದರು: ಶನಿವಾರ ರಾತ್ರಿ ಮಷೀನು ನಿಂತರೆ ಯಾರು ಬರುತ್ತಾರೆ? ವಾರದ ಸರ್ವಿಸ್ ಚಾರ್ಜಿಗೆ ಬೈಯುತ್ತಲೇ ದುಡ್ಡು ಕಟ್ಟಿದವರ ಹತ್ತಿರ ಅದಕ್ಕೆ ಉತ್ತರ ಇತ್ತು. ನನ್ನ ಮಟ್ಟಿಗೆ ಅದು ದಂಡದ ದುಡ್ಡಲ್ಲ.

ನಮ್ಮ ಕಡೆಗೆ ಬಂದರೆ ಕರೆಂಟಿನದೇ ಇನ್ನೊಂದು ಕಥೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಬಂದ ಕರೆಂಟು 25 ಸೈಕಲ್ಲಿನದು, ಇವತ್ತಿನ ಮಾತಲ್ಲಿ 25 ಹರ್ಟ್ಜ್. ಅಮೆರಿಕದಲ್ಲಿ ಹೆಚ್ಚಿನ ಕಡೆ 60. ಸಿಂಕ್ರೊನಸ್ ಮೋಟಾರು ಓಡುವುದೇ ಸೈಕಲ್ಲಿನ ಲೆಕ್ಕದಲ್ಲಿ. ಅಲ್ಲಿಗೆಂದು ಮಾಡಿದ ಮೋಟಾರನ್ನು ಇಂಥ ಕರೆಂಟಿಗೆ ಹಾಕಿದರೆ ಅರ್ಧ ಸ್ಪೀಡೂ ಬರುವುದಿಲ್ಲ. ಹಾಗಾಗಿ ಕ್ಯಾಟಲಾಗಿನಲ್ಲಿ ಮೊದಲು ನೋಡಬೇಕಾದ್ದು ಬೆಲೆಯಲ್ಲ, ಈ ಸಂಖ್ಯೆ.

ಪ್ರಶ್ನೆ: ಆಗಿನ ಆಂಪ್ಲಿಫೈಯರು ಹತ್ತು-ಹನ್ನೆರಡು ವಾಟ್ ಅಂತ ಓದಿದೆ. ನಮ್ಮ ಮನೆಯ ಸ್ಪೀಕರೇ ಅದಕ್ಕಿಂತ ಜಾಸ್ತಿ! ಅಷ್ಟರಲ್ಲಿ ಹಾಲ್ ತುಂಬುತ್ತಿತ್ತಾ?
– ಓದುಗರು, ಹಾಸನ

ಉತ್ತರ: ತುಂಬುತ್ತಿತ್ತು. ಪರದೆಯ ಹಿಂದಿನ ಆ ದೊಡ್ಡ ಹಾರ್ನುಗಳು ಸಣ್ಣ ಶಕ್ತಿಯಲ್ಲೇ ಜೋರು ಸದ್ದು ಕೊಡುತ್ತಿದ್ದವು. ಇವತ್ತಿನ ಪುಟ್ಟ ಸ್ಪೀಕರು ವಾಟ್ ನುಂಗುವುದೇ ಜಾಸ್ತಿ. ಹಾಲೇ ಕಷ್ಟ ಕೊಡುತ್ತಿತ್ತು. ಪಿಯಾನೋ, ಆರ್ಕೆಸ್ಟ್ರಾಗೆ ಚೆಂದ ಅನ್ನಿಸಿದ್ದ ಪ್ರತಿಧ್ವನಿ ಮಾತನ್ನು ಕಲಸಿಬಿಡುತ್ತಿತ್ತು. ಗೋಡೆಗೆ ದಪ್ಪ ಪರದೆ, ನೆಲಕ್ಕೆ ಕಾರ್ಪೆಟ್ ಹಾಕಿಸಿದರು. ಖಾಲಿ ಹಾಲಿನಲ್ಲಿ ಟೆಸ್ಟ್ ಮಾಡಿ ‘ಮಷೀನು ಸರಿಯಿಲ್ಲ’ ಅಂತ ವಾಪಸು ಕಳಿಸಬಾರದು. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ ಅಲ್ವಾ? ಹೌಸ್‌ಫುಲ್ ಆದ ದಿನ ಅದೇ ಮಷೀನು ಸ್ಪಷ್ಟವಾಗಿ ಮಾತಾಡುತ್ತದೆ.