ಕಾಬ್ ಸಲಾಡ್ ಅಂದರೆ ಏನು? ಅಮೆರಿಕದಲ್ಲಿ ಅದಕ್ಕೆ ಯಾಕಷ್ಟು ಹೆಸರು?

ನೀವು ಕೇಳಿದ್ದೀರಿ, ಅಮೆರಿಕದ ಹೋಟೆಲ್‌ಗಳ ಮೆನುವಿನಲ್ಲಿ ಕಾಬ್ ಸಲಾಡ್ ಅಂತ ಇರುತ್ತಲ್ಲ, ಅದನ್ನು ಯಾರು ಮಾಡಿದ್ದು, ಅದರಲ್ಲಿ ಅಂಥದ್ದೇನಿದೆ ಅಂತ. ನನಗೆ ತುಂಬಾ ಇಷ್ಟದ ತಿನಿಸು ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲಿಗೆ, ಇಂಗ್ಲಿಷಿನಲ್ಲಿ ಕಾಬ್ ಅಂದರೆ ಜೋಳದ ತೆನೆ, ಆದರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಕಾಬ್ ಅನ್ನುವುದು ಮನುಷ್ಯನ ಹೆಸರು. ಹಾಲಿವುಡ್‌ನಲ್ಲಿ ಬ್ರೌನ್ ಡರ್ಬಿ ಅಂತ ಒಂದು ಹೋಟೆಲ್ ಇತ್ತು, ಸಿನಿಮಾದವರೆಲ್ಲ ಊಟಕ್ಕೆ ಬರುತ್ತಿದ್ದ ಜಾಗ. ಅದರ ಮಾಲೀಕ ರಾಬರ್ಟ್ ಕಾಬ್. ಎಲ್ಲರೂ ಹೇಳುವ ಕಥೆ ಹೀಗಿದೆ: 1937ರಲ್ಲಿ ಒಂದು ರಾತ್ರಿ ತುಂಬಾ ಹೊತ್ತಾದ ಮೇಲೆ ಕಾಬ್‌ಗೆ ಹಸಿವಾಯಿತು. ಅಡುಗೆಮನೆಯ ಫ್ರಿಜ್ ತೆಗೆದು ಕೈಗೆ ಸಿಕ್ಕಿದ್ದನ್ನೆಲ್ಲ ಹೆಚ್ಚಿಕೊಂಡು ತಿಂದರು. ಹಾಲಿವುಡ್‌ನ ಹೆಸರಾಂತ ಸಿನಿಮಾ ಮಂದಿರ ಚೈನೀಸ್ ಥಿಯೇಟರ್ ಕಟ್ಟಿಸಿದ ಸಿಡ್ ಗ್ರೌಮನ್ ಜೊತೆಗಿದ್ದರಂತೆ, ಮಾರನೆಯ ದಿನ ಬಂದು ಅದೇ ಬೇಕು ಅಂದರಂತೆ. ಇನ್ನೊಂದು ಕಥೆಯ ಪ್ರಕಾರ ಅಲ್ಲಿನ ಮುಖ್ಯ ಅಡುಗೆಯವರಾದ ರಾಬರ್ಟ್ ಕ್ರೈಸ್ 1929ರಲ್ಲೇ ಇದನ್ನು ಮಾಡಿ ಮಾಲೀಕರ ಹೆಸರಿಟ್ಟರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಹಸಿದವನು ಅಷ್ಟು ಸಣ್ಣಗೆ ಹೆಚ್ಚಿಕೊಂಡು ಕೂರುವುದಿಲ್ಲ, ಅಲ್ವಾ? ಅದು ಪಳಗಿದ ಕೈಯ ಕೆಲಸ.

ಇದರ ಗುಟ್ಟೆಲ್ಲ ಆ ಹೆಚ್ಚುವುದರಲ್ಲೇ ಇದೆ. ಕೆಳಗೆ ಸೊಪ್ಪು: ಐಸ್‌ಬರ್ಗ್, ರೊಮೇನ್, ವಾಟರ್‌ಕ್ರೆಸ್, ಜೊತೆಗೆ ಚಿಕೋರಿ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನದು, ಇಲ್ಲಿ ಹಾಕುವುದು ಅದೇ ಜಾತಿಯ ಗಿಡದ ಎಲೆ, ಸ್ವಲ್ಪ ಕಹಿ. ಅದರ ಮೇಲೆ ಪಟ್ಟಿ ಪಟ್ಟಿಯಾಗಿ ಟೊಮೆಟೊ, ಚಿಕನ್, ಗರಿಗರಿ ಬೇಕನ್ (ಉಪ್ಪು ಹಾಕಿದ ಹಂದಿಮಾಂಸದ ತೆಳು ಪಟ್ಟಿ), ಬೇಯಿಸಿದ ಮೊಟ್ಟೆ, ಬೆಣ್ಣೆಹಣ್ಣು, ಪುಡಿ ಮಾಡಿದ ರೋಕ್‌ಫೋರ್ ಅನ್ನುವ ಫ್ರಾನ್ಸಿನ ಘಾಟು ಚೀಸ್. ಒಂದಕ್ಕೊಂದು ಬೆರೆಯದ ಹಾಗೆ ಸಾಲಾಗಿ ಜೋಡಿಸಿ, ತಿನ್ನುವ ಮುಂಚೆ ವಿನೆಗರ್, ನಿಂಬೆರಸ, ಸಾಸಿವೆ, ಬೆಳ್ಳುಳ್ಳಿ, ಎಣ್ಣೆಯ ಡ್ರೆಸ್ಸಿಂಗ್ ಹಾಕಿ ಕಲಸುತ್ತಾರೆ. ಆಗ ನೋಡಬೇಕು! ಮೊಟ್ಟೆಯ ಹಳದಿ ಕರಗಿ ಡ್ರೆಸ್ಸಿಂಗ್ ಗಟ್ಟಿಯಾಗುತ್ತದೆ, ಚೀಸಿನ ಪುಡಿ ಬೆಣ್ಣೆಹಣ್ಣಿಗೆ ಅಂಟಿಕೊಳ್ಳುತ್ತದೆ, ಎಲ್ಲ ಒಂದೇ ಅಳತೆಯ ಚೂರುಗಳಾದ್ದರಿಂದ ಒಂದು ಚಮಚದಲ್ಲಿ ಉಪ್ಪು, ಹುಳಿ, ಕಹಿ, ಜಿಡ್ಡು ಎಲ್ಲ ಒಟ್ಟಿಗೆ ಬರುತ್ತದೆ. ಹೊಟ್ಟೆಯೂ ತುಂಬುತ್ತದೆ, ಬೇರೆ ಊಟ ಬೇಡ.

ಈಗ ಎಷ್ಟೋ ಕಡೆ ಸುಮ್ನೆ ದಪ್ಪ ದಪ್ಪ ತುಂಡು ಹಾಕಿ ಮೇಲೆ ಗಟ್ಟಿ ಬಿಳಿ ಸಾಸ್ ಸುರಿದು ಕೊಡುತ್ತಾರೆ. ಹೋದ ವರ್ಷ ಒಂದು ಕಡೆ ಅರ್ಧ ಮೊಟ್ಟೆ, ಇಡೀ ಬೇಕನ್ ಪಟ್ಟಿ ಇಟ್ಟು ತಂದರು. ನಿಜಕ್ಕೂ ಬೇಜಾರಾಯಿತು. ಚಾಕು ಕೇಳಿ ತೆಗೆದುಕೊಂಡು ನಾನೇ ಹೆಚ್ಚಿಕೊಂಡೆ.

ಮನೆಯಲ್ಲಿ ಮಾಡುವುದಾದರೆ ಎರಡು ಮಾತು. ಸೊಪ್ಪನ್ನು ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನೀರಿದ್ದರೆ ಡ್ರೆಸ್ಸಿಂಗ್ ಎಲೆಗೆ ಹಿಡಿಯುವುದಿಲ್ಲ. ಬೆಣ್ಣೆಹಣ್ಣನ್ನು ಎಲ್ಲಕ್ಕಿಂತ ಕೊನೆಗೆ ಹೆಚ್ಚಿ ನಿಂಬೆರಸ ಸವರಿ, ಇಲ್ಲದಿದ್ದರೆ ಬೇಗ ಕಪ್ಪಾಗುತ್ತದೆ.