ಸಂಪಾದಕರ ಉತ್ತರ: ಮೇಷ್ಟ್ರೇ, ಮಗಳು ಇನ್ನೆರಡು ವರ್ಷ ಅಂಗಡಿಯಲ್ಲೇ ಇರಲಿ

ದಾವಣಗೆರೆಯಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಬಿಕಾಂ ಮುಗಿಸಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಾಳೆ. ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಎಂಬಿಎ ಸೀಟು ಸಿಕ್ಕಿದೆ. ಅಪ್ಪ ಮುಂಗಡ ಕಟ್ಟಿದ್ದಾರೆ, ಉಳಿದ ಫೀಸಿಗೆ ಬ್ಯಾಂಕಿನ ಸಾಲಕ್ಕಾಗಿ ಓಡಾಡುತ್ತಿದ್ದಾರೆ. ಮಗಳು ಮಾತ್ರ ‘ಈಗಲೇ ಬೇಡ, ಇನ್ನೆರಡು ವರ್ಷ ಅಂಗಡಿಯಲ್ಲೇ ಇರ್ತೀನಿ’ ಅನ್ನುತ್ತಾಳಂತೆ. ‘ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾಳೆ. ನೀವು ನಾಲ್ಕು ಬುದ್ಧಿಮಾತು ಬರೆದರೆ ಕೇಳಿಯಾಳು’ ಎಂದು ಮೇಷ್ಟ್ರು ಕೋರಿದ್ದಾರೆ.

ಮೇಷ್ಟ್ರೇ, ನಮಸ್ಕಾರ. ಬುದ್ಧಿಮಾತು ಬರೆಯುತ್ತೇನೆ. ಆದರೆ ಅದು ನಿಮಗೆ.

ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆ. ನೀವು ಅದನ್ನು ದೂರಾಗಿ ಬರೆದಿದ್ದೀರಿ. ‘ಹಗಲೆಲ್ಲ ಅಂಗಡಿ, ರಾತ್ರಿ ಒಂದು ನೋಟ್‌ಬುಕ್ ಹಿಡಿದು ಕೂರುತ್ತಾಳೆ. ಯಾವ ಊರಿನವರು ಯಾವ ತಿಂಗಳು ಉದ್ರಿ ತೀರಿಸುತ್ತಾರೆ ಅಂತ ಬರೀತಾಳೆ. ಇದಕ್ಕಾ ನಾನು ಓದಿಸಿದ್ದು?’

ಇದಕ್ಕೇ ಮೇಷ್ಟ್ರೇ! ನೀವು ಓದಿಸಿದ್ದು ಸಾರ್ಥಕವಾಯಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಗುರುತು ಯಾವುದಿದೆ? ನಿಮ್ಮ ಜಿಲ್ಲೆಯನ್ನೇ ನೋಡಿ. ಜಗಳೂರು ಕಡೆಯ ಮೆಕ್ಕೆಜೋಳದವರ ಕೈಗೆ ದುಡ್ಡು ಬರುವುದು ದೀಪಾವಳಿ ಹೊತ್ತಿಗೆ, ಅದು ಕಳೆದ ಮೇಲೆ. ಭದ್ರಾ ನಾಲೆಯ ಭತ್ತದವರಿಗೆ ನೀರು ಬಿಟ್ಟ ವರ್ಷ ಎರಡು ಬೆಳೆ. ಚನ್ನಗಿರಿಯ ಅಡಿಕೆಯವರಲ್ಲಿ ತಡೆದುಕೊಳ್ಳುವ ಶಕ್ತಿ ಇದ್ದವರು ರೇಟು ನೋಡಿಕೊಂಡು ಮಾರುತ್ತಾರೆ. ಆದರೆ ಮದುವೆ ಬಟ್ಟೆ ಕೊಳ್ಳುವ ಕಾಲ ಎಲ್ಲರಿಗೂ ಒಂದೇ. ಆಗ ಉದ್ರಿ ಕೊಡಲೇಬೇಕು. ಇತ್ತ ಚಿಕ್ಕಪೇಟೆಯ ಹೋಲ್‌ಸೇಲ್‌ನವರು, ಸೂರತ್ತಿನ ಪಾರ್ಟಿಗಳು ಮೆಕ್ಕೆಜೋಳ ಮಾರುವವರೆಗೆ ಕಾಯುವುದಿಲ್ಲ. ಕೊಡುವ ದಿನಕ್ಕೂ ಬರುವ ದಿನಕ್ಕೂ ನಡುವೆ ಇರುವ ಈ ತೆರಪಿನಲ್ಲೇ ಎಷ್ಟೋ ಅಂಗಡಿಗಳು ಮುಳುಗಿವೆ. ವ್ಯಾಪಾರ ಚೆನ್ನಾಗಿದ್ದೂ ಮುಳುಗಿವೆ. ಎಂಬಿಎ ತರಗತಿಯಲ್ಲಿ ಇದನ್ನು ‘ವರ್ಕಿಂಗ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್’ ಅಂತ ಕಲಿಸುತ್ತಾರೆ. ನಿಮ್ಮ ಮಗಳು ಅದನ್ನು ಯಾರೂ ಹೇಳಿಕೊಡದೆ, ಮಾವನ ಗಲ್ಲಾ ಪಕ್ಕ ಕೂತು ಕಂಡುಕೊಂಡಿದ್ದಾಳೆ.

ಮ್ಯಾನೇಜ್‌ಮೆಂಟ್ ಓದು ದಂಡ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಐಐಎಂ 1973ರಲ್ಲಿ ಶುರುವಾಯಿತು. ಅಲ್ಲಿಂದ ಬಂದ ಎಷ್ಟೋ ಮಂದಿ ದೊಡ್ಡ ದೊಡ್ಡ ಸಂಸ್ಥೆಗಳನ್ನು ಚೆನ್ನಾಗಿ ನಡೆಸಿದ್ದಾರೆ. ಬ್ಯಾಲೆನ್ಸ್ ಶೀಟು ಓದುವುದು, ಒಂದು ವಸ್ತುವಿಗೆ ನಿಜವಾಗಿ ಎಷ್ಟು ಖರ್ಚು ಬಿತ್ತು ಅಂತ ಬಿಡಿಸಿ ನೋಡುವುದು, ಇವೆಲ್ಲ ಕಲಿಯಬೇಕಾದ ವಿದ್ಯೆಗಳೇ. ನನ್ನ ತಕರಾರು ಯಾವಾಗ ಕಲಿಯಬೇಕು ಅನ್ನುವುದರ ಬಗ್ಗೆ. ಒಂದು ದಿನವೂ ಗಿರಾಕಿಯ ಮುಖ ನೋಡದ ಇಪ್ಪತ್ತೊಂದರ ಹುಡುಗರನ್ನು ನೇರವಾಗಿ ತಂದು ಕೂರಿಸಿ, ನಾಳೆಯಿಂದ ನೀವು ಹತ್ತು ಜನರಿಗೆ ಕೆಲಸ ಹೇಳುವವರು ಅನ್ನುತ್ತೇವಲ್ಲ, ಅದು ತಪ್ಪು. ಅಮೆರಿಕದ ಹಾರ್ವರ್ಡ್‌ನಲ್ಲಿ 1908ರಿಂದ ಈ ಪಾಠ ನಡೆಯುತ್ತಿದೆ. ಇವತ್ತು ಅಲ್ಲಿ ಎಂಬಿಎಗೆ ಸೇರುವ ಹೆಚ್ಚಿನವರು ಕೆಲವು ವರ್ಷ ಎಲ್ಲಾದರೂ ದುಡಿದು ಬಂದವರು. ಅಲ್ಲಿ ಪಾಠ ನಡೆಯುವುದೇ ಒಂದು ಕಂಪನಿಯ ನಿಜವಾದ ಕಷ್ಟವನ್ನು ಮುಂದಿಟ್ಟು ವಾದ ಮಾಡುವುದರ ಮೂಲಕ. ವಾದಕ್ಕೆ ಕೂತವನ ತಲೆಯಲ್ಲಿ ಸ್ವಂತದ ಕಷ್ಟ ಒಂದೂ ಇಲ್ಲದಿದ್ದರೆ ಅವನು ಸುಮ್ನೆ ಮಾತು ಕಲಿತುಕೊಂಡು ಬರುತ್ತಾನೆ. ನಾವು ಪರೀಕ್ಷೆ, ಸಿಲಬಸ್, ಸೂಟು, ಟೈ ಎಲ್ಲ ತಂದೆವು. ಮೊದಲು ಕೆಲಸ ಮಾಡಿ ಬನ್ನಿ ಅನ್ನುವುದನ್ನು ಮಾತ್ರ ಹೆಚ್ಚಿನ ಕಾಲೇಜುಗಳು ತರಲಿಲ್ಲ.

ನಮ್ಮ ಊರುಗಳ ಕಥೆಯೇ ಬೇರೆ ಇತ್ತು. ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲು ತೆರೆದರು. ಅದೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೇ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಇವತ್ತು ರವೆ ಇಡ್ಲಿ ಇಲ್ಲದ ದರ್ಶಿನಿ ಹುಡುಕಬೇಕು. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಿದಾಗ, ಆ ಬೆಲೆಗೆ ಆ ರುಚಿ ಕೊಡಲಾಗದೆ, ಮನೆಯಲ್ಲೇ ಮಾಡಿಕೊಳ್ಳುವ ತಿಂಡಿ ಮಿಕ್ಸ್‌ಗಳ ಕಡೆ ತಿರುಗಿದರು. ಒಂದೊಂದು ಕಷ್ಟಕ್ಕೂ ಒಂದೊಂದು ಹೊಸ ದಾರಿ. ಇದು ಅಡುಗೆಮನೆಯ ಒಳಗೆ ನಿಂತವರಿಗೆ ಮಾತ್ರ ಹೊಳೆಯುವ ದಾರಿ.

ಆದರೆ ನಾನು ಜಾಸ್ತಿ ಮೆಚ್ಚುವುದು ಇನ್ನೊಂದನ್ನು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡುವುದೇ ಪ್ರವಾಸದ ಉದ್ದೇಶ. ಅಷ್ಟು ಹೊತ್ತಿಗೆ ಅವರ ಹೋಟೆಲಿಗೆ ಕಾಲು ಶತಮಾನ ದಾಟಿತ್ತು. ವಾಪಸು ಬಂದು ಪಾತ್ರೆ, ಲೋಟ, ಚಮಚಗಳನ್ನು ಕ್ರಿಮಿಶುದ್ಧಿ ಮಾಡುವ ಪದ್ಧತಿ ತಂದರು, ಸ್ವಚ್ಛತೆಯ ಶಿಸ್ತು ಬಿಗಿ ಮಾಡಿದರು. ನೋಡಿ, ಅವರೂ ಕಲಿಯಲು ಹೋದರು. ಏನು ಕೇಳಬೇಕು ಅಂತ ಗೊತ್ತಾದ ಮೇಲೆ ಹೋದರು. ಅದಕ್ಕೇ ಮರಳಿ ಬಂದ ತಕ್ಷಣ ಕೈಗೆ ಕೆಲಸ ಸಿಕ್ಕಿತು.

ಉಡುಪಿಯ ಪಿಗ್ಮಿ ಯೋಜನೆ ನಿಮಗೆ ಗೊತ್ತೇ ಇರುತ್ತದೆ. ಸಿಂಡಿಕೇಟ್ ಬ್ಯಾಂಕು ಅದನ್ನು 1928ರಲ್ಲಿ ಶುರು ಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆ ಕೊಟ್ಟರೂ ತೆಗೆದುಕೊಂಡು ಬರುತ್ತಿದ್ದರು. ಸ್ಥಾಪಕರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ಓದಿದ್ದು ವೈದ್ಯಕೀಯ. ಬಡವರಿಗೆ ಉಳಿತಾಯದ ಬುದ್ಧಿ ಇಲ್ಲ ಅಂತ ಕೂತವರಿಗೆ ಈ ಯೋಜನೆ ಹೊಳೆಯುತ್ತಿರಲಿಲ್ಲ. ದಿನಗೂಲಿಯವನ ಕೈಯಲ್ಲಿ ಸಂಜೆ ಇರುವ ಕಾಸು ಬೆಳಿಗ್ಗೆ ಇರುವುದಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತಲು ಅವನಿಗೆ ಅಂಜಿಕೆ, ಆದ್ದರಿಂದ ನಾವೇ ಹೋಗಬೇಕು. ಇಷ್ಟೇ ತಿಳಿವಳಿಕೆ. ನಿಮ್ಮ ಊರಿನ ಮಂಡಿಪೇಟೆಯಲ್ಲಿ ಇವತ್ತಿಗೂ ಪಿಗ್ಮಿ ಕಲೆಕ್ಟರು ಸಂಜೆ ಅಂಗಡಿ ಅಂಗಡಿ ತಿರುಗುತ್ತಿರುತ್ತಾರೆ, ಅಲ್ವಾ?

ಹೊರದೇಶದ್ದೂ ಒಂದು ಹೇಳುತ್ತೇನೆ. ಜಪಾನಿನ ಟೊಯೋಟಾದಲ್ಲಿ ತೈಚಿ ಓನೋ ಎಂಬವರಿದ್ದರು. ಜಗತ್ತಿನ ಕಾರ್ಖಾನೆಗಳೆಲ್ಲ ಇವತ್ತು ಪಾಠದಂತೆ ಓದುವ ಟೊಯೋಟಾ ಪದ್ಧತಿ ಕಟ್ಟಿದವರು. ಹೊಸ ಎಂಜಿನಿಯರು ಬಂದರೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಇದರೊಳಗೆ ನಿಂತು ಕೆಲಸ ನೋಡು ಅನ್ನುತ್ತಿದ್ದರಂತೆ. ಗಂಟೆಗಟ್ಟಲೆ ನಿಲ್ಲಬೇಕು. ಏನು ಕಂಡೆ ಅಂತ ಬಂದು ಕೇಳುತ್ತಿದ್ದರು. ಉತ್ತರ ಸಾಲದಿದ್ದರೆ ಮತ್ತೆ ನಿಲ್ಲಬೇಕು. ನಿಮ್ಮ ಮಗಳು ಅಂಥ ವೃತ್ತದಲ್ಲಿ ತಾನಾಗಿಯೇ ಹೋಗಿ ನಿಂತಿದ್ದಾಳೆ. ನೀವು ಕೈ ಹಿಡಿದು ಎಳೆಯುತ್ತಿದ್ದೀರಿ.

ನಮ್ಮ ಕಚೇರಿಯದ್ದೂ ಒಂದು ಮಾತು. ನಮ್ಮ ಪ್ರಸಾರ ವಿಭಾಗಕ್ಕೆ ಎಂಬಿಎ ಮುಗಿಸಿದ ಹುಡುಗನೊಬ್ಬ ಸೇರಿದ. ಚುರುಕು, ಒಳ್ಳೆಯ ಮನಸ್ಸು. ಬಂದ ಹೊಸತರಲ್ಲೇ ಬಣ್ಣಬಣ್ಣದ ಚಿತ್ರ ತೋರಿಸಿ, ಒಂದು ಜಿಲ್ಲೆಯಲ್ಲಿ ಓದುಗರ ಅಭಿರುಚಿ ಬದಲಾಗಿದೆ, ಅದಕ್ಕೇ ಮಾರಾಟವಾಗದೆ ವಾಪಸು ಬರುವ ರಿಟರ್ನ್ ಕಾಪಿ ಜಾಸ್ತಿಯಾಗಿದೆ ಎಂದ. ನಮ್ಮ ಹಳೆಯ ಮ್ಯಾನೇಜರು ಅವನನ್ನು ಬೆಳಗಿನ ಜಾವ ಬಸ್ ಸ್ಟ್ಯಾಂಡಿಗೆ, ಬಂಡಲ್ ಇಳಿಸುವ ಜಾಗಕ್ಕೆ ಕಳಿಸಿದರು. ಏಜೆಂಟರ ಜೊತೆ ಅಲ್ಲೇ ನಿಂತು ನೋಡಿದ ಮೇಲೆ ನಿಜ ಗೊತ್ತಾಯಿತು. ಬಸ್ಸಿನ ವೇಳೆ ಬದಲಾಗಿ ನಮ್ಮ ಬಂಡಲು ಬೆಳಿಗ್ಗೆಯ ಬದಲು ಮಧ್ಯಾಹ್ನ ತಲುಪುತ್ತಿತ್ತು. ಸಂತೆಗೆ ಬಂದವರು ಅಷ್ಟು ಹೊತ್ತಿಗೆ ಊರಿಗೆ ಹೊರಟಿರುತ್ತಿದ್ದರು. ಓದುಗರು ಬದಲಾಗಿರಲೇ ಇಲ್ಲ. ಆಮೇಲೆ ಅದೇ ಹುಡುಗ ತಾನು ಓದಿದ್ದನ್ನು ಬಳಸಿ ಏಜೆಂಟರ ಕಮಿಷನ್ ಮತ್ತು ರಿಟರ್ನ್ ಲೆಕ್ಕವನ್ನು ಎಷ್ಟು ಚೆನ್ನಾಗಿ ತಿದ್ದಿದನೆಂದರೆ ಈಗಲೂ ನಾವು ಅದನ್ನೇ ನಡೆಸುತ್ತಿದ್ದೇವೆ. ಅವನ ಓದು ಕೆಲಸಕ್ಕೆ ಬಂತು. ಬಸ್ ಸ್ಟ್ಯಾಂಡು ನೋಡಿದ ಮೇಲೆ ಬಂತು.

ಅಮುಲ್ ಹಾಲಿನ ಸಹಕಾರ ಸಂಘಗಳನ್ನು ಬೆಳೆಸಿದ ವರ್ಗೀಸ್ ಕುರಿಯನ್ ಅವರೂ ಕೊನೆಗೆ ಮ್ಯಾನೇಜ್‌ಮೆಂಟ್ ಶಾಲೆ ಕಟ್ಟಲಿಲ್ಲವೇ ಅಂತ ನೀವು ಕೇಳಬಹುದು. ಕಟ್ಟಿದರು. ಗುಜರಾತಿನ ಆಣಂದ್‌ನಲ್ಲಿ ‘ಇರ್ಮಾ’ ಎಂಬ ಗ್ರಾಮೀಣ ಮ್ಯಾನೇಜ್‌ಮೆಂಟ್ ಶಾಲೆ ಶುರುವಾದದ್ದು 1979ರಲ್ಲಿ. ಅವರು ಆ ಊರಿಗೆ ಬಂದು ಮೂವತ್ತು ವರ್ಷ ಹಾಲಿನ ಸಂಘಗಳ ಜೊತೆ ಕಳೆದ ಮೇಲೆ. ಆ ಶಾಲೆಯ ವಿದ್ಯಾರ್ಥಿಗಳು ಕೆಲವು ವಾರ ಹಳ್ಳಿಯಲ್ಲೇ ಇದ್ದು ಬರಬೇಕು, ಅದೂ ಪಾಠದ ಒಂದು ಭಾಗ. ನಮ್ಮ ನಂದಿನಿಯ ಹಾಲು ಸಂಘಗಳೂ ಆಣಂದ್ ಮಾದರಿಯವೇ. ಡೇರಿಯ ಮುಂದೆ ಬೆಳಿಗ್ಗೆ ಕ್ಯಾನು ಹಿಡಿದು ನಿಂತ ಹೆಂಗಸರ ಸಾಲು ನೋಡದವನು ಹಾಲಿನ ಒಕ್ಕೂಟ ನಡೆಸಬಾರದು ಅನ್ನುವುದು ನನ್ನ ಖಚಿತ ನಂಬಿಕೆ.

ಈಗ ನಿಮ್ಮ ನಿಜವಾದ ಚಿಂತೆಗೆ ಬರುತ್ತೇನೆ. ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ‘ಅಂಗಡಿಯಲ್ಲಿ ಕೂರುವ ಹುಡುಗಿ ಅಂದರೆ ಒಳ್ಳೆಯ ಸಂಬಂಧ ಬರುವುದಿಲ್ಲ’ ಅಂತ. ಓದಿ ಸಂಕಟವಾಯಿತು. ನಿಮ್ಮ ಮೇಲೆ ಕೋಪ ಬರಲಿಲ್ಲ, ಏಕೆಂದರೆ ನೀವು ಕಂಡದ್ದನ್ನೇ ಬರೆದಿದ್ದೀರಿ. ಕೆಲಸ ಮಾಡುವವರನ್ನು ಕಂಡರೆ ನಮಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗಲ್ಲಾ ಮೇಲೆ ಕೂತ ಮಾವ ಸಾಹುಕಾರ, ಅದೇ ಗಲ್ಲಾ ಮೇಲೆ ಸೊಸೆ ಕೂತರೆ ಮನೆತನಕ್ಕೆ ಕಡಿಮೆ. ಕಾಫಿ ತೋಟದ ರೈಟರು, ಮೇಸ್ತ್ರಿಗಳು ಗಿಡಗಿಡವನ್ನೂ ಬಲ್ಲರು, ಅವರನ್ನು ಕೇಳುವವರಿಲ್ಲ. ದಕ್ಷಿಣ ಕನ್ನಡದಿಂದ ಮುಂಬೈಗೆ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ, ಮುಂದೆ ಸ್ವಂತ ಹೋಟೆಲು ಮಾಡಿದರು. ದುಡಿಮೆ, ಓದು ಎರಡನ್ನೂ ಒಂದೇ ದಿನದಲ್ಲಿ ಕಲಿತವರು ಅವರು. ಅವರ ಮೊಮ್ಮಕ್ಕಳಿಗೆ ಇವತ್ತು ತಾತ ಮಾಣಿಯಾಗಿದ್ದರು ಅಂತ ಹೇಳಿಕೊಳ್ಳಲು ನಾಚಿಕೆ.

ಈ ನಾಚಿಕೆಯ ಮೇಲೆಯೇ ಎಷ್ಟೋ ಕಾಲೇಜುಗಳು ನಿಂತಿವೆ. ಬಾಡಿಗೆ ಕಟ್ಟಡ, ವರ್ಷಕ್ಕೊಮ್ಮೆ ಬದಲಾಗುವ ಮೇಷ್ಟ್ರುಗಳು, ಬ್ಲೇಜರ್ ತೊಟ್ಟ ಮಕ್ಕಳ ಫೋಟೋ ಇರುವ ಜಾಹೀರಾತು. ಎರಡು ವರ್ಷದ ಕೊನೆಗೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಬರೆಯಬೇಕು. ಗೇಟಿನ ಮುಂದಿನ ಜೆರಾಕ್ಸ್ ಅಂಗಡಿಯಲ್ಲಿ ಹೋದ ವರ್ಷದ್ದಕ್ಕೇ ಹೊಸ ಹೆಸರು ಹಾಕಿ ಬೈಂಡ್ ಮಾಡಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಓದಿ ಬಂದವರಿಗೆ ಸಿಗುವುದು ತಿಂಗಳ ಟಾರ್ಗೆಟ್‌ನ ಸೇಲ್ಸ್ ಕೆಲಸ. ಅದಕ್ಕೆ ಬಿಕಾಂ ಸಾಕಿತ್ತು. ಸಾಲದ ಕಂತು ಮಾತ್ರ ಅಪ್ಪನ ಪಿಂಚಣಿಯಿಂದ ಹೋಗುತ್ತಿರುತ್ತದೆ. ಬರ ಬಂದರೆ ಸುದ್ದಿ ಮಾಡುತ್ತೇವೆ. ಮನೆಮನೆಯ ಉಳಿತಾಯ ಹೀಗೆ ಕರಗುವುದು ಯಾರಿಗೂ ಸುದ್ದಿಯಲ್ಲ.

ಮೇಷ್ಟ್ರೇ, ಸಾಲಕ್ಕೆ ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಬೇಡಿ. ಎರಡು ವರ್ಷ ಕಳೆಯಲಿ. ಆಗ ಅವಳಿಗೇ ಓದಬೇಕು ಅನ್ನಿಸಿದರೆ ಕೆಲಸದ ಅನುಭವ ಕೇಳುವ ಕೋರ್ಸುಗಳನ್ನು ನೋಡಲಿ. ಬೆಂಗಳೂರಿನ ಐಐಎಂನಲ್ಲೇ ಅಂಥ ಒಂದು ವರ್ಷದ್ದಿದೆ, ಆದರೆ ಅದಕ್ಕೆ ಇನ್ನೂ ಹೆಚ್ಚು ವರ್ಷದ ಅನುಭವ ಬೇಕು. ಮಾವನಿಗೂ ಒಂದು ಮಾತು ಹೇಳಿ, ಸೊಸೆ ಅಂತ ಬಿಟ್ಟಿಯಾಗಿ ದುಡಿಸಿಕೊಳ್ಳದೆ ತಿಂಗಳಿಗೆ ಸರಿಯಾದ ಸಂಬಳ ಕೊಟ್ಟು, ನೇಮಕದ ಪತ್ರ ಬರೆದುಕೊಡಲಿ. ಮುಂದೆ ಅದೇ ಅವಳ ಅನುಭವಕ್ಕೆ ದಾಖಲೆ.

ಕಟ್ಟಿದ ಮುಂಗಡದ ಬಗ್ಗೆ ಹೆದರಬೇಡಿ. ಗಡುವಿನ ಒಳಗೆ ಸೀಟು ಬಿಟ್ಟರೆ ಸಾವಿರ ರೂಪಾಯಿಗಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ ಅನ್ನುವುದು ಇಂಥ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ನಿಯಮ. ಮೂಲ ಅಂಕಪಟ್ಟಿ ಇಟ್ಟುಕೊಂಡು ಸತಾಯಿಸುವಂತೆಯೂ ಇಲ್ಲ. ಫೋನಿನಲ್ಲಿ ಮಾತಾಡಿ ಬಿಡಬೇಡಿ, ಈ ವಾರವೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಕೊಡದಿದ್ದರೆ ನಮಗೆ ಬರೆಯಿರಿ.